33 ಸೆಂಟಿಮೀಟರ್ ದಾರ

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಗ್ಲೋಬ್ ಇದೆ. ನಾನು ರಿಟೈರ್ ಆದ ವರ್ಷ ಹತ್ತನೇ ಕ್ಲಾಸಿನ ಮಕ್ಕಳು ದುಡ್ಡು ಒಟ್ಟು ಮಾಡಿ ತಂದುಕೊಟ್ಟಿದ್ದು. 28 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳಿಗೆ ಇದಕ್ಕಿಂತ ಒಳ್ಳೆ ಉಡುಗೊರೆ ಏನಿರುತ್ತೆ ಹೇಳಿ. ಆ ಗ್ಲೋಬಿನ ಕಾಲಿಗೆ ಒಂದು ಕೆಂಪು ದಾರ ಕಟ್ಟಿಟ್ಟಿದ್ದೇನೆ. ಮನೆಗೆ ಬಂದವರು ಯಾವುದೋ ದೇವಸ್ಥಾನದ ದಾರ ಅಂದುಕೊಳ್ಳುತ್ತಾರೆ. ಅದು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣಕ್ಕೆ ಇರುವ ದೂರ. ಸರಿಯಾಗಿ 33 ಸೆಂಟಿಮೀಟರ್.

ಮಗಳು ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸನ್ನಿವೇಲ್‌ನಲ್ಲಿದ್ದಾಳೆ. ಹೋಗಿ ಹದಿಮೂರು ವರ್ಷ ಆಯಿತು. ಇಷ್ಟು ವರ್ಷಗಳಲ್ಲಿ 'ಎಷ್ಟು ದೂರ ಆಗುತ್ತೆ ಟೀಚರ್?' ಅಂತ ನನ್ನನ್ನು ಕೇಳದ ನೆಂಟರಿಲ್ಲ, ಪಕ್ಕದ ಮನೆಯವರಿಲ್ಲ. ಮೊದಲೆಲ್ಲ ಸುಮ್ನೆ 'ಹದಿನಾಲ್ಕು ಸಾವಿರ ಕಿಲೋಮೀಟರ್' ಅಂದುಬಿಡುತ್ತಿದ್ದೆ. 2019ರ ನವೆಂಬರ್ ಆದಮೇಲೆ ಹಾಗೆ ಹೇಳಲು ಆಗಲಿಲ್ಲ.

ಆ ತಿಂಗಳ ಒಂದು ಗುರುವಾರ ಬೆಳಗಿನ ಜಾವ ನಮ್ಮಮ್ಮ ಹೋದರು. ಐದು ಗಂಟೆಗೆ ಮಗಳಿಗೆ ಫೋನ್ ಮಾಡಿದೆ. ಅಲ್ಲಿ ಇನ್ನೂ ಬುಧವಾರ, ಮಧ್ಯಾಹ್ನ ಮೂರೂವರೆ. ಅವಳು ಆಫೀಸಿನಲ್ಲಿದ್ದಳು. ಅಜ್ಜಿ ಸಾಕಿದ ಮಗು ಅದು. ನಾನು ಸ್ಕೂಲಿಗೆ ಹೋದರೆ ಸಂಜೆವರೆಗೆ ಅಜ್ಜಿಯ ಸೆರಗು ಬಿಡುತ್ತಿರಲಿಲ್ಲ. 'ಅಮ್ಮಾ, ನಾನು ಬರೋವರೆಗೂ ಇಟ್ಕೊಂಡಿರಿ' ಅಂದಳು. ಅಷ್ಟೇ. ಫೋನ್ ಇಟ್ಟಳು.

ಆಗ ಬೆಂಗಳೂರಿಗೆ ನೇರ ವಿಮಾನ ಇರಲಿಲ್ಲ. ಯುರೋಪಿನ ಮೇಲೋ, ದುಬೈ ಮೇಲೋ, ನಡುವೆ ಎಲ್ಲಾದರೂ ಇಳಿದು ಬರಬೇಕು. ಫ್ರಾಂಕ್‌ಫರ್ಟ್ ಮೇಲೆ ಬಂದರೆ ಒಟ್ಟು 16,500 ಕಿಲೋಮೀಟರ್ ದಾಟುತ್ತೆ. ದುಬೈ ಮೇಲಾದರೆ 15,700ರ ಹತ್ತಿರ. ಅವಳಿಗೆ ಸಿಕ್ಕಿದ್ದು ಯುರೋಪಿನ ಟಿಕೆಟ್. ರಾತ್ರಿ ಎಂಟಕ್ಕೆ ಹೊರಡುವುದು, ನಡುವೆ ಎರಡು ಗಂಟೆ ಇಳಿದು ಇನ್ನೊಂದು ವಿಮಾನ ಹತ್ತುವುದು. ಇವರು ಪೇಪರ್ ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿದರು. ಶುಕ್ರವಾರ ಮಧ್ಯಾಹ್ನ ಎರಡೂವರೆಗೆ ಮೈಸೂರಿನ ಮನೆ ಬಾಗಿಲಲ್ಲಿರುತ್ತಾಳೆ. ಅಣ್ಣಂದಿರು ಒಪ್ಪಿದರು. ಫ್ರೀಜರ್ ಬಾಕ್ಸ್ ತರಿಸಿದೆವು. ಹಾಲ್‌ನಲ್ಲಿ ಅಮ್ಮನನ್ನು ಮಲಗಿಸಿ, ತಲೆಯ ಹತ್ತಿರ ದೀಪ ಹಚ್ಚಿಟ್ಟು, ಆ ಪೆಟ್ಟಿಗೆಯ ಮೋಟಾರು ಗುಂಯ್ ಅನ್ನುವುದನ್ನು ಕೇಳುತ್ತಾ ಒಂದು ಹಗಲು ಒಂದು ರಾತ್ರಿ ಕೂತಿದ್ದೆವು.

ಅಲ್ಲಿಂದ ಹೊರಡುವ ವಿಮಾನವೇ ಎರಡೂವರೆ ಗಂಟೆ ತಡವಾಯಿತು. ಯುರೋಪಿನಲ್ಲಿ ಇಳಿಯುವಷ್ಟರಲ್ಲಿ ಬೆಂಗಳೂರಿನ ವಿಮಾನ ಹೋಗಿಬಿಟ್ಟಿತ್ತು. ಮುಂದಿನದಕ್ಕೆ ಒಂಬತ್ತು ಗಂಟೆ ಕಾಯಬೇಕು ಅಂದರಂತೆ. ಕೌಂಟರಿನಲ್ಲಿ ನಿಂತು ಅತ್ತಿದ್ದಾಳೆ. ಯಾರೂ ಏನೂ ಮಾಡುವ ಹಾಗಿರಲಿಲ್ಲ. ಇಲ್ಲಿ ಹಿರಿಯರು ಇನ್ನೊಂದು ರಾತ್ರಿ ಇಟ್ಟುಕೊಳ್ಳುವುದು ಬೇಡ ಅಂದರು. ಅವರ ಮಾತೂ ತಪ್ಪಲ್ಲ. ಶುಕ್ರವಾರ ಸಂಜೆ ನಾಲ್ಕಕ್ಕೆ ಚಾಮುಂಡಿ ಬೆಟ್ಟದ ತಪ್ಪಲಿಗೆ ಕರೆದುಕೊಂಡು ಹೋದೆವು. ಮಗಳು ರಾತ್ರಿ ಹನ್ನೆರಡಕ್ಕೆ ಬಂದಳು. ಬಂದವಳು ನೇರ ಹಾಲ್‌ಗೆ ಹೋಗಿ ಆ ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲಿ ಕೂತಳು. ನೆಲ ತೊಳೆದು ಇನ್ನೂ ಒದ್ದೆ ಇತ್ತು. ಬೆನ್ನಿನ ಮೇಲೆ ಬ್ಯಾಗು ಹಾಗೇ ಇತ್ತು. ನಾನೇ ಬಿಚ್ಚಿಸಿದೆ. ಭಾನುವಾರ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡುವಾಗ ಕುಡಿಕೆಯನ್ನು ಅವಳ ಕೈಗೇ ಕೊಟ್ಟರು. ಅಷ್ಟು ಸಿಕ್ಕಿತು ಅವಳಿಗೆ.

43 ಗಂಟೆ. ನನ್ನ ಫೋನಿನಿಂದ ಅವಳು ಬಾಗಿಲು ತಟ್ಟುವವರೆಗೆ. ಅವತ್ತಿನಿಂದ ಯಾರಾದರೂ ದೂರ ಕೇಳಿದರೆ ನನ್ನ ಬಾಯಲ್ಲಿ ಗಂಟೆಯ ಲೆಕ್ಕವೇ ಬರುತ್ತದೆ.

2021ರ ಜನವರಿಯಲ್ಲಿ ಪೇಪರಿನಲ್ಲಿ ಒಂದು ಸುದ್ದಿ ನೋಡಿದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲೂ ಇಳಿಯದೆ ಜನವರಿ 11ರ ನಸುಕಿನಲ್ಲಿ ಬೆಂಗಳೂರಿಗೆ ಬಂದು ಇಳಿದಿತ್ತು. ನಡೆಸಿದವರು ಹೆಣ್ಣುಮಕ್ಕಳೇ. ಕ್ಯಾಪ್ಟನ್ ಜೋಯಾ ಅಗರ್ವಾಲ್, ಜೊತೆಗೆ ಪಾಪಗರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲೆ ಹಾದು ಬಂದಿದ್ದರು. ಎರಡು ನಿಲ್ದಾಣಗಳ ನಡುವೆ 13,993 ಕಿಲೋಮೀಟರ್ ಅಂತ ಬರೆದಿತ್ತು. ಸುಮಾರು 17 ಗಂಟೆಯ ಹಾರಾಟ. ನಾನು ಕಾಫಿ ಲೋಟ ಪಕ್ಕಕ್ಕಿಟ್ಟು ಮತ್ತೆ ಲೆಕ್ಕ ಹಾಕಿದೆ. ಆವತ್ತು ಈ ವಿಮಾನ ಇದ್ದಿದ್ದರೆ? ರಾತ್ರಿ ಒಂಬತ್ತಕ್ಕೆ ಹತ್ತಿದ್ದರೆ? ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಮೈಸೂರಿನಲ್ಲಿರುತ್ತಿದ್ದಳು. ಅಜ್ಜಿಯ ಮುಖ ನೋಡಿರುತ್ತಿದ್ದಳು. ಪೇಪರ್ ಮಡಚಿಟ್ಟು ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದೆ.

ಅವತ್ತು ಸಂಜೆಯೇ ಗ್ಲೋಬ್ ಇಳಿಸಿ ದಾರ ಹಿಡಿದದ್ದು.

ಧ್ರುವದ ಮೇಲೆ ಯಾಕೆ ಹೋಗಬೇಕು ಅನ್ನುವುದು ಚಪ್ಪಟೆ ನಕ್ಷೆ ನೋಡಿದರೆ ಅರ್ಥ ಆಗುವುದಿಲ್ಲ. ನಮ್ಮ ಸ್ಕೂಲಿನ ಗೋಡೆಯ ನಕ್ಷೆಯಲ್ಲಿ ಅಮೆರಿಕ ಎಡಗಡೆ ಇತ್ತು. ಬೆಂಗಳೂರಿಂದ ಅಲ್ಲಿಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅರಬ್ಬಿ ಸಮುದ್ರ, ಆಫ್ರಿಕಾದ ಮರುಭೂಮಿ, ಅಟ್ಲಾಂಟಿಕ್ ಸಾಗರ ಎಲ್ಲಾ ದಾಟಿ ಹೋಗುತ್ತೆ. ನಿಜವಾಗಿ ಆ ಗೆರೆಯ ಮೇಲೇ ಹಾರಿದರೆ 20,000 ಕಿಲೋಮೀಟರ್. ಭೂಮಿಯ ಅರ್ಧ ಸುತ್ತಳತೆ! ಅದೇ ಗ್ಲೋಬಿನ ಮೇಲೆ ಒಂದು ತುದಿ ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ, ಇನ್ನೊಂದು ತುದಿ ಕ್ಯಾಲಿಫೋರ್ನಿಯಾಕ್ಕೆ ತಂದು ಬಿಗಿಯಾಗಿ ಎಳೆಯಿರಿ. ದಾರ ತಾನೇ ಜಾರಿ ಜಾರಿ ಮೇಲಕ್ಕೆ ಹೋಗುತ್ತದೆ. ಎಲ್ಲಿ ಹತ್ತಿರವೋ ಅಲ್ಲಿ ನಿಲ್ಲುತ್ತದೆ. ಮಹಾವೃತ್ತ ಅಂತ ಪಾಠದಲ್ಲಿ ಬರುತ್ತಲ್ಲ, ಅದು ಇದೇ. ನನ್ನ ದಾರ ಉತ್ತರ ಪ್ರದೇಶ, ನೇಪಾಳ, ಟಿಬೆಟ್ ಮೇಲೆ ಹತ್ತಿ, ಸೈಬೀರಿಯಾ ಪೂರ್ತಿ ದಾಟಿ, 71 ಡಿಗ್ರಿ ಅಕ್ಷಾಂಶದ ಹತ್ತಿರ ಹಿಮದ ಸಮುದ್ರ ಮುಟ್ಟಿ, ಅಲಾಸ್ಕಾ ಮೇಲೆ ಇಳಿದು ಕ್ಯಾಲಿಫೋರ್ನಿಯಾ ಸೇರಿತು. ಬೆಂಗಳೂರಿಂದ ಅಮೆರಿಕಕ್ಕೆ ಹೋಗಲು ಮೊದಲು ತಿರುಗಬೇಕಾದ್ದು ಹೆಚ್ಚುಕಡಿಮೆ ನೇರ ಉತ್ತರಕ್ಕೆ. 28 ವರ್ಷ ಪಾಠ ಮಾಡಿದ್ದೆ, ಇದನ್ನು ಬೆರಳಲ್ಲಿ ಮುಟ್ಟಿ ನೋಡಿದ್ದು ಅವತ್ತೇ.

ಟೈಲರ್ ಟೇಪಿನಲ್ಲಿ ಅಳೆದೆ. 33 ಸೆಂಟಿಮೀಟರ್. ಗ್ಲೋಬಿನ ಅಡ್ಡಳತೆ 30 ಸೆಂಟಿಮೀಟರ್, ಸುತ್ತಳತೆ 94. ಭೂಮಿಯ ಸುತ್ತಳತೆ 40,000 ಕಿಲೋಮೀಟರ್. ಅಂದರೆ ಒಂದು ಸೆಂಟಿಮೀಟರಿಗೆ 425 ಕಿಲೋಮೀಟರ್. 33 ಸೆಂಟಿಮೀಟರಿಗೆ 14,000. ಪೇಪರಿನಲ್ಲಿ ಬರೆದ ಲೆಕ್ಕಕ್ಕೆ ಸರಿಯಾಗಿ ಕೂತಿತು. ದಾರವನ್ನು ಬೇಕಂತಲೇ ಉತ್ತರ ಧ್ರುವದ ಮೊಳೆಗೆ ತಾಗಿಸಿಯೂ ನೋಡಿದೆ. ಒಂದು ಸೆಂಟಿಮೀಟರೂ ಪೂರ್ತಿ ಜಾಸ್ತಿ ಆಗಲಿಲ್ಲ. 14,400 ಕಿಲೋಮೀಟರಿನ ಒಳಗೇ ಮುಗಿಯುತ್ತದೆ. ಆ ಹೆಣ್ಣುಮಕ್ಕಳು ಧ್ರುವದ ಮೇಲೆ ಬಂದದ್ದು ಅದಕ್ಕೇ.

ನಾನೇ ಆ ವಿಮಾನ ಹತ್ತಿದ್ದು 2024ರ ಫೆಬ್ರವರಿ 7, ಬುಧವಾರ. ಮಗಳಿಗೆ ಫೆಬ್ರವರಿ ಕೊನೆಗೆ ಹೆರಿಗೆ ಅಂತ ಡಾಕ್ಟರು ದಿನ ಕೊಟ್ಟಿದ್ದರು. ಬಾಣಂತನಕ್ಕೆ ಅಮ್ಮ ಹೋಗದೆ ಆಗುತ್ತಾ? ನಮ್ಮತ್ತೆಗೆ 88 ವರ್ಷ, ಅವರನ್ನು ಬಿಟ್ಟು ಇವರು ಬರುವ ಹಾಗಿರಲಿಲ್ಲ. ಒಬ್ಬಳೇ ಹೊರಟೆ. ಎರಡು ಸೂಟ್‌ಕೇಸು, ಒಂದೊಂದು 23 ಕೆ.ಜಿ. ಒಂದರಲ್ಲಿ ನನ್ನ ಬಟ್ಟೆ ಮೇಲ್ಗಡೆ ಮಾತ್ರ. ಕೆಳಗೆಲ್ಲಾ ಒಣಶುಂಠಿ ಪುಡಿ, ಮೆಣಸಿನ ಸಾರಿನ ಪುಡಿ, ಅಂಟಿನ ಉಂಡೆ, ಸೀಗೆಪುಡಿ, ಮಗುವನ್ನು ಸುತ್ತಲು ನಮ್ಮಮ್ಮನ ಎರಡು ಹಳೇ ಕಾಟನ್ ಸೀರೆ. ಆ ಸೀರೆಗಳು ತೊಳೆದು ತೊಳೆದು ಬೆಣ್ಣೆಯ ಹಾಗೆ ಆಗಿದ್ದವು.

ವಿಮಾನ ಮಧ್ಯಾಹ್ನ ಎರಡೂವರೆಯ ಹತ್ತಿರ. ನಾನು ಮನೆ ಬಿಟ್ಟಿದ್ದು ಬೆಳಿಗ್ಗೆ ಐದಕ್ಕೆ. ಮೈಸೂರಿನಿಂದ ನಿಲ್ದಾಣಕ್ಕೆ ಫ್ಲೈ ಬಸ್ ಇದೆ, ಹತ್ತಿದರೆ ಸೀದಾ ದೇವನಹಳ್ಳಿ. 2023ರಲ್ಲಿ ಹೊಸ ಹೆದ್ದಾರಿ ಆದಮೇಲೆ ಬೆಂಗಳೂರಿನ ಅಂಚಿನವರೆಗೆ ಹೋಗಲು ಹೊತ್ತೇ ಹಿಡಿಯುವುದಿಲ್ಲ. ಅಲ್ಲಿಂದ ಮುಂದೆ ಊರು ದಾಟಿ ಹೆಬ್ಬಾಳ ಹಿಡಿದು ನಿಲ್ದಾಣ ಸೇರಲು ಬೇಕಾಗುವ ಹೊತ್ತಿದೆಯಲ್ಲ, ಅದು ನನಗೆ ಇವತ್ತಿಗೂ ಸಂಕಟ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ಇರುವೆಯ ಹಾಗೆ ಹೋಗುತ್ತಿತ್ತು. ವಿಮಾನದಲ್ಲಿ ಅಷ್ಟೇ ಹೊತ್ತಿಗೆ ಬಂಗಾಳಕೊಲ್ಲಿ ದಾಟಬಹುದು. ಮಕ್ಕಳು ವಿಮಾನದ ಹೊತ್ತನ್ನು ಮಾತ್ರ ಹೇಳುತ್ತಾರೆ, 'ಹದಿನಾರು ಗಂಟೆ ಅಷ್ಟೇ ಅಮ್ಮಾ' ಅಂತ. ನಾನು ಮನೆ ಬೀಗದ ಕೈ ಇವರ ಕೈಗೆ ಕೊಟ್ಟ ಹೊತ್ತಿನಿಂದ ಮಗಳನ್ನು ಅಪ್ಪಿಕೊಂಡ ಹೊತ್ತಿನವರೆಗೆ ಬರೆದಿಟ್ಟುಕೊಂಡಿದ್ದೇನೆ. 27 ಗಂಟೆ. ವಯಸ್ಸಾದವರನ್ನು ಕರೆಸಿಕೊಳ್ಳುವ ಮಕ್ಕಳು ಈ ಲೆಕ್ಕ ನೆನಪಿಟ್ಟುಕೊಳ್ಳಬೇಕು. ಕಾಲು ಊದಿಕೊಳ್ಳುವುದು ವಿಮಾನದಲ್ಲಿ ಶುರುವಾಗುವುದಲ್ಲ, ಬಸ್ಸಿನಲ್ಲೇ ಶುರುವಾಗಿರುತ್ತದೆ.

ಎರಡನೇ ಟರ್ಮಿನಲ್ ಚೆನ್ನಾಗಿದೆ. ಎಲ್ಲಿ ನೋಡಿದರೂ ಬಿದಿರು, ಮೇಲಿಂದ ತೂಗುಬಿಟ್ಟ ಗಿಡಗಳು. ನಿಲ್ದಾಣದ ಒಳಗೆ ಕೂತು ಗಿಡ ನೋಡುತ್ತಿದ್ದರೆ ಎದೆ ಹೊಡೆದುಕೊಳ್ಳುವುದು ಸ್ವಲ್ಪ ಕಡಿಮೆ ಆಗುತ್ತೆ.

ನನ್ನ ಪಕ್ಕದ ಸೀಟಿನಲ್ಲಿ ಹಾವೇರಿ ಕಡೆಯ ಒಬ್ಬರು. ಇಳಕಲ್ ಸೀರೆ, ಹಣೆ ತುಂಬ ಕುಂಕುಮ, ನನಗಿಂತ ಐದಾರು ವರ್ಷ ದೊಡ್ಡವರು. ಅವರೂ ಮಗಳ ಬಾಣಂತನಕ್ಕೇ. ಸುತ್ತಮುತ್ತ ತಿರುಗಿ ನೋಡಿದರೆ ಅರ್ಧ ವಿಮಾನ ನಮ್ಮಂಥವರೇ ಇದ್ದರು. ಅಪ್ಪ ಅಮ್ಮಂದಿರು, ಮಡಿಲಲ್ಲಿ ಪಾಸ್‌ಪೋರ್ಟಿನ ಕವರು, ಅದನ್ನು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುವವರು.

ಮುಂದಿನ ಸೀಟಿನ ಬೆನ್ನಿನ ಪರದೆಯಲ್ಲಿ ನಕ್ಷೆ ಹಾಕಿಕೊಂಡೆ. ವಿಮಾನ ಉತ್ತರಕ್ಕೆ ಹೋಗುತ್ತೆ, ಟಿಬೆಟ್ ನೋಡಬಹುದು ಅಂತ ಕಾಯುತ್ತಿದ್ದೆ. ಅದು ಪೂರ್ವಕ್ಕೆ ತಿರುಗಿತು. ಬಂಗಾಳಕೊಲ್ಲಿ, ಬರ್ಮಾ, ಚೀನಾ, ಜಪಾನ್ ಕಡೆಗೆ ಗೆರೆ. ನನ್ನ ದಾರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮನಸ್ಸಿನಲ್ಲೇ ಅಳೆದುಕೊಂಡೆ. ಬೆಂಗಳೂರಿಂದ ಟೋಕಿಯೋ 6,700, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋ 8,200. ಒಟ್ಟು 14,900. ಇಷ್ಟು ಸುತ್ತು ಯಾಕೆ?

ಅಳಿಯ ಆಮೇಲೆ ಬಿಡಿಸಿ ಹೇಳಿದ. ಒಂದು ಕಾರಣ ಟಿಬೆಟ್. ವಿಮಾನದ ಒಳಗಿನ ಗಾಳಿಯ ಒತ್ತಡ ಏನಾದರೂ ಬಿದ್ದುಹೋದರೆ ಪೈಲಟ್ ಕೂಡಲೇ 10,000 ಅಡಿಗೆ ಇಳಿಯಬೇಕು, ಜನ ಉಸಿರಾಡುವ ಎತ್ತರಕ್ಕೆ. ಟಿಬೆಟ್‌ನಲ್ಲಿ ನೆಲವೇ ಅದಕ್ಕಿಂತ ಮೇಲಿದೆ. ಇಳಿಯಲು ಜಾಗ ಇಲ್ಲ. ಹಾಗಾಗಿ ಆ ಕಡೆ ಸಾಮಾನ್ಯವಾಗಿ ಹೋಗುವುದಿಲ್ಲ. ಇನ್ನೊಂದು ಗಾಳಿ. ಜಪಾನ್ ಮೇಲೆ, ಪೆಸಿಫಿಕ್ ಮೇಲೆ ಚಳಿಗಾಲದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬಹಳ ಎತ್ತರದಲ್ಲಿ ಒಂದು ಗಾಳಿ ಬೀಸುತ್ತೆ, ಜೆಟ್ ಸ್ಟ್ರೀಮ್. ನಾನೇ ಮಕ್ಕಳಿಗೆ ಹೇಳಿಕೊಟ್ಟದ್ದು. ಅದು ಬೆನ್ನಿಗೆ ಸಿಕ್ಕರೆ ವಿಮಾನಕ್ಕೆ ಹೊಳೆಯ ಸೆಳವಿಗೆ ತೆಪ್ಪ ಬಿಟ್ಟ ಹಾಗೆ. ಜಪಾನ್ ದಾಟಿದ ಮೇಲೆ ಪರದೆಯಲ್ಲಿ ವೇಗ ಗಂಟೆಗೆ 1,140 ಕಿಲೋಮೀಟರ್ ಅಂತ ತೋರಿಸಿದ್ದನ್ನು ನಾನೇ ಕಣ್ಣಾರೆ ನೋಡಿದೆ. ಆ ವಿಮಾನದ ಸ್ವಂತ ವೇಗ 900ರ ಆಸುಪಾಸು. ಉಳಿದದ್ದು ಗಾಳಿಯದು. ದಾರಿ 900 ಕಿಲೋಮೀಟರ್ ಉದ್ದ ಆದರೂ ಬೇಗ ಮುಟ್ಟಿಸುತ್ತೆ. ನನ್ನ ಗ್ಲೋಬಿನಲ್ಲಿ ಗಾಳಿ ಇಲ್ಲವಲ್ಲ, ದಾರಕ್ಕೆ ಅದು ಹೇಗೆ ಗೊತ್ತಾಗಬೇಕು.

ಹೊರಟು ಎರಡೂವರೆ ಗಂಟೆ ಆಗಿರಬಹುದು. ನನ್ನ ಕೈಗಡಿಯಾರದಲ್ಲಿ ಇನ್ನೂ ಐದು ಗಂಟೆ. ಬರ್ಮಾದ ಮೇಲೆ ಸೂರ್ಯ ಮುಳುಗಿದ. ಮೈಸೂರಿನಲ್ಲಿ ಇನ್ನೂ ಬಿಸಿಲಿರುತ್ತೆ. ಕಿಟಕಿಯಲ್ಲಿ ರೆಕ್ಕೆಯ ತುದಿ ಒಂದು ಗಳಿಗೆ ಕೆಂಪಾಗಿ, ಆಮೇಲೆ ಕಪ್ಪಾಯಿತು. ಹಾವೇರಿಯವರು ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ, 'ಅಕ್ಕಾರ, ಇಷ್ಟ್ ಲಗೂ ಸಂಜಿ ಆತೇನ್ರಿ?' ಅಂದರು. ನಾವು ಸೂರ್ಯನಿಗೆ ಬೆನ್ನು ಹಾಕಿ ಓಡುತ್ತಿದ್ದೇವೆ, ಅದಕ್ಕೆ ಬೇಗ ಮುಳುಗಿದ ಅಂದೆ. ಅವರಿಗೆ ಅದು ಸರಿ ಅನ್ನಿಸಿತು.

ಆ ರಾತ್ರಿ ಏಳೂವರೆ ಗಂಟೆಯದು. ಎರಡು ಸಲ ಎದ್ದು ಹಿಂದಿನವರೆಗೂ ನಡೆದು ಬಂದೆ. ಊಟ ಕೊಟ್ಟರು, ಅರ್ಧ ತಿಂದೆ. ನಿದ್ದೆ ಬಂದ ಹಾಗೆ, ಬಾರದ ಹಾಗೆ. ಕಣ್ಣು ಬಿಟ್ಟಾಗ ಹಾವೇರಿಯವರ ಕಿಟಕಿಯ ಸಂದಿಯಿಂದ ಹಳದಿ ಗೆರೆ ಬಿದ್ದಿತ್ತು. ಪರದೆಯಲ್ಲಿ ವಿಮಾನದ ಚಿತ್ರ ಪೆಸಿಫಿಕ್ ನಡುವೆ, 180 ಡಿಗ್ರಿ ರೇಖಾಂಶದ ಹತ್ತಿರ. ಅಂತರರಾಷ್ಟ್ರೀಯ ದಿನಾಂಕ ರೇಖೆ. ಎಷ್ಟು ಬ್ಯಾಚಿಗೆ ಬೋರ್ಡಿನ ಮೇಲೆ ಅಂಕುಡೊಂಕಾಗಿ ಎಳೆದು ತೋರಿಸಿದ್ದೆ! ಕೆಳಗೆ ಬರೀ ಮೋಡ. ಗೆರೆ ಗಿರೆ ಏನೂ ಇಲ್ಲ. ಆದರೂ ನನಗೆ ಮೈ ಜುಂ ಅಂದಿತು. ಈ ಕಡೆ ಗುರುವಾರ, ಆ ಕಡೆ ಇನ್ನೂ ಬುಧವಾರ. ನಾವು ಬುಧವಾರದ ಮಧ್ಯಾಹ್ನ ಹೊರಟು, ಬುಧವಾರದ ಸಂಜೆ ನೋಡಿ, ಈಗ ಅದೇ ಬುಧವಾರದ ಬೆಳಗನ್ನು ಮತ್ತೆ ನೋಡುತ್ತಿದ್ದೆವು.

ಹಾವೇರಿಯವರಿಗೆ ಇದನ್ನು ಹೇಳಬೇಕು ಅನ್ನಿಸಿತು. ಪಾಠದ ಹಾಗೆಯೇ ಹೇಳಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ. ನಮ್ಮ ಗಡಿಯಾರ ಪೂರ್ವಕ್ಕೆ 82.5 ಡಿಗ್ರಿಯ ಗೆರೆಗೆ ಇಟ್ಟಿದ್ದು. ಕ್ಯಾಲಿಫೋರ್ನಿಯಾದ್ದು ಪಶ್ಚಿಮಕ್ಕೆ 120 ಡಿಗ್ರಿಗೆ. ಕೂಡಿದರೆ 202.5. ನಾಲ್ಕರಿಂದ ಗುಣಿಸಿದರೆ 810 ನಿಮಿಷ. ಹದಿಮೂರೂವರೆ ಗಂಟೆ. ಅಲ್ಲಿಯವರು ನಮಗಿಂತ ಅಷ್ಟು ಹಿಂದೆ. ಅದಕ್ಕೇ ನಾವು 16 ಗಂಟೆ ಹಾರಿದರೂ ಕ್ಯಾಲೆಂಡರಿನಲ್ಲಿ ಎರಡೂವರೆ ಗಂಟೆಯಷ್ಟೇ ಮುಂದೆ ಹೋಗಿರುತ್ತೇವೆ. ಇಳಿಯುವಾಗ ಮತ್ತೆ ಬುಧವಾರ ಸಂಜೆ ಐದು ಗಂಟೆ, ಮತ್ತೆ ಸೂರ್ಯ ಮುಳುಗುವ ಹೊತ್ತು.

ಅವರು ಎಲ್ಲಾ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: 'ಹಂಗಂದ್ರ ಒಂದ ದಿನಕ್ಕ ಎರಡ ಸಂಜಿ ಬಂದ್ವಲ್ರಿ ಅಕ್ಕಾರ. ದೀಪ ಯಾವ ಸಂಜಿಗೆ ಹಚ್ಚೋದ್ರಿ?'

28 ವರ್ಷದಲ್ಲಿ ಯಾವ ಮಗುವೂ ನನ್ನನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ದಿನಾಂಕ ರೇಖೆಯ ಪಾಠ ನಾನು ಮಾಡಿದ್ದು ಪರೀಕ್ಷೆಗೆ. ಅವರು ಅದನ್ನು ತಮ್ಮ ದೇವರಮನೆಗೆ ತೆಗೆದುಕೊಂಡು ಹೋಗಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. 'ಮಗಳ ಮನೆ ಸೇರಿದ ಮೇಲೆ ಹಚ್ಚೋಣ ಅಕ್ಕ' ಅಂದೆ. 'ಹೌದ್ರಿ, ಹಂಗ ಮಾಡೂಣು' ಅಂದರು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನ ಇಳಿಯುವುದು ನೀರಿನ ಮೇಲಿಂದ. ಕೊಲ್ಲಿಯ ನೀರು ಹತ್ತಿರ ಹತ್ತಿರ ಬರುತ್ತಲೇ ಇರುತ್ತದೆ, ನೆಲ ಕಾಣುವುದೇ ಇಲ್ಲ. ಕೊನೆಗೆ ಇನ್ನೇನು ನೀರಿಗೇ ಇಳಿಯಿತು ಅನ್ನುವಾಗ ಚಕ್ರಕ್ಕೆ ನೆಲ ಸಿಗುತ್ತದೆ. ಮೋಡದ ಸಂದಿಯಲ್ಲಿ ಸೂರ್ಯ ಕೆಳಗಿದ್ದ. ಆ ದಿನದ ಎರಡನೇ ಸಂಜೆ. ಇಮಿಗ್ರೇಷನ್ ಸಾಲು ಉದ್ದ ಇತ್ತು. ಯಾಕೆ ಬಂದಿದ್ದೀರಿ ಅಂತ ಕೇಳಿದಾಗ ಮಗಳಿಗೆ ಹೆರಿಗೆ ಅಂತ ಇದ್ದಿದ್ದನ್ನು ಇದ್ದಹಾಗೆ ಹೇಳಿದೆ. ತಿನ್ನುವ ಪದಾರ್ಥ ಇದೆಯಾ ಅಂದರು, ಇದೆ ಅಂದೆ, ಏನೇನು ಅಂತ ಹೇಳಿದೆ, ಬಿಟ್ಟರು. ಇದ್ದದ್ದನ್ನು ಬಚ್ಚಿಡಬೇಡಿ ಅಂತ ಹೊರಡುವವರಿಗೆಲ್ಲ ನಾನು ಹೇಳುತ್ತೇನೆ.

ಹೊರಗೆ ಮಗಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು. 'ಬರಬೇಡ ಅಂದಿದ್ದೆನಲ್ಲೇ ಪುಟ್ಟೀ' ಅಂದೆ. 'ನೀನು ಅಷ್ಟು ದೂರದಿಂದ ಬಂದಿದ್ದೀಯಾ, ನಾನು ಮುಕ್ಕಾಲು ಗಂಟೆ ಬರಬಾರದಾ ಅಮ್ಮಾ' ಅಂದಳು. ಸನ್ನಿವೇಲ್‌ಗೆ ಹೋಗುವ ದಾರಿಯಲ್ಲಿ ಕಾರಿನಲ್ಲೇ ನಿದ್ದೆ ಹೋದೆ. ಮನೆ ಸೇರಿ, ಕಾಲು ತೊಳೆದು, ಅವಳ ಅಡುಗೆಮನೆಯ ಮೂಲೆಯಲ್ಲಿದ್ದ ಪುಟ್ಟ ದೇವರ ಗೂಡಿನಲ್ಲಿ ದೀಪ ಹಚ್ಚಿದೆ. ಹಾವೇರಿಯವರು ಫ್ರೀಮಾಂಟ್‌ನಲ್ಲಿ, ತಮ್ಮ ಮಗಳ ಮನೆಯಲ್ಲಿ, ಹಚ್ಚಿರುತ್ತಾರೆ ಅಂದುಕೊಂಡೆ.

ಮೊಮ್ಮಗ ಹುಟ್ಟಿದ್ದು ಫೆಬ್ರವರಿ 27, ಮಂಗಳವಾರ, ರಾತ್ರಿ 9 ಗಂಟೆ 40 ನಿಮಿಷಕ್ಕೆ. ಮೈಸೂರಿನಲ್ಲಿ ಆಗ ಬುಧವಾರ, 28ನೇ ತಾರೀಕು, ಬೆಳಿಗ್ಗೆ 11 ಗಂಟೆ 10 ನಿಮಿಷ. ಇವರು ಫೋನಿನಲ್ಲಿ ಅಳುತ್ತಾ ನಗುತ್ತಾ, 'ಬುಧವಾರ ಹುಟ್ಟಿದ' ಅಂತ ಬೀದಿಗೆಲ್ಲ ಹೇಳಿಬಿಟ್ಟರು. ನಮ್ಮತ್ತೆ ಕ್ಯಾಲೆಂಡರಿನಲ್ಲಿ 28ಕ್ಕೆ ಸುತ್ತು ಹಾಕಿದರು. ಮನೆಯಲ್ಲಿ ಎರಡು ದಿನ ಇದೇ ಚರ್ಚೆ. ಜಾತಕ ಬರೆಯುವವರನ್ನು ಕೇಳಿದ್ದಕ್ಕೆ, ಮಗು ಎಲ್ಲಿ ಹುಟ್ಟಿತೋ ಅಲ್ಲಿಯ ಹೊತ್ತು, ಅಲ್ಲಿಯ ಅಕ್ಷಾಂಶ ರೇಖಾಂಶ ಕೊಡಿ ಅಂದರು. ಅತ್ತೆ ಮಾತ್ರ ಕ್ಯಾಲೆಂಡರ್ ತಿದ್ದಲಿಲ್ಲ. ಅದು ಈಗಲೂ ಹಾಗೇ ಇದೆ. ನಮ್ಮಮ್ಮನ ಸೀರೆಯಲ್ಲಿ ಸುತ್ತಿ ಮಲಗಿಸಿದಾಗ ಮಗಳು ಮಗುವಿನ ಕೆನ್ನೆಯ ಬದಲು ಆ ಸೀರೆಯ ಅಂಚನ್ನೇ ಬಹಳ ಹೊತ್ತು ಸವರುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಈಚೆ ಬಂದೆ.

ಮಾರ್ಚ್ 10ಕ್ಕೆ ಅಲ್ಲಿಯ ಗಡಿಯಾರಗಳನ್ನೆಲ್ಲ, ಪ್ರತಿ ಬೇಸಿಗೆಗೂ ಮಾಡುವ ಹಾಗೆ, ಒಂದು ಗಂಟೆ ಮುಂದಕ್ಕೆ ಹಾಕಿದರು. ನಮಗೂ ಅವರಿಗೂ ಅಂತರ ಹನ್ನೆರಡೂವರೆ ಆಯಿತು. ಇವರು ಮಾತ್ರೆ ತೆಗೆದುಕೊಂಡರಾ ಅಂತ ನಾನು ಫೋನ್ ಮಾಡುವ ಹೊತ್ತು ಆ ವಾರವೆಲ್ಲ ಏರುಪೇರು.

ವಾಪಸ್ ಹೊರಟಿದ್ದು ಜುಲೈ 28, ಭಾನುವಾರ ರಾತ್ರಿ ಒಂಬತ್ತರ ಹೊತ್ತಿಗೆ. ಈ ಸಲ ಗಾಳಿ ಎದುರು. ವಿಮಾನ ಪೆಸಿಫಿಕ್ ನಡುವೆ ಹೋಗಲಿಲ್ಲ. ಅಲಾಸ್ಕಾ ಕಡೆ ಹತ್ತಿ, ಸೈಬೀರಿಯಾ ಮೇಲೆ ಬಂದು, ಚೀನಾ ಬರ್ಮಾ ದಾಟಿ ಇಳಿಯಿತು. ಪರದೆಯ ಮೇಲಿನ ಗೆರೆ ಅರ್ಧ ದಾರಿವರೆಗೆ ನನ್ನ ಕೆಂಪು ದಾರದ ಪಕ್ಕದಲ್ಲೇ ಬಂದ ಹಾಗಿತ್ತು. ಹದಿನೇಳೂವರೆ ಗಂಟೆ. ದೇವನಹಳ್ಳಿಯಲ್ಲಿ ಇಳಿದಾಗ ಮಂಗಳವಾರ ಬೆಳಗಿನ ಜಾವ ಮೂರು. ಭಾನುವಾರ ಹತ್ತಿದೆ, ಮಂಗಳವಾರ ಇಳಿದೆ. ಹೋಗುವಾಗ ಬುಧವಾರ ಎರಡು ಸಲ ಸಿಕ್ಕಿತ್ತಲ್ಲ, ಬರುವಾಗ ಸೋಮವಾರವನ್ನು ಕೊಟ್ಟು ಬಂದೆ. ಈ ಸಲ ಪಕ್ಕದಲ್ಲಿ ಯಾರೋ ಹುಡುಗ, ಹೆಡ್‌ಫೋನ್ ಹಾಕಿಕೊಂಡು ಮಲಗಿಬಿಟ್ಟ. ಐದು ತಿಂಗಳ ಮಗುವನ್ನು ಬಿಟ್ಟು ಬರುತ್ತಿದ್ದೆ. ಮಾತಾಡುವವರು ಇಲ್ಲದಿದ್ದದ್ದೇ ಒಳ್ಳೆಯದಾಯಿತು.

ಈಗ ನವೆಂಬರ್. ಮಗುವಿಗೆ ಎಂಟು ತಿಂಗಳು ತುಂಬಿತು. ನಾನು ಮೈಸೂರಿನಲ್ಲಿ ಸಂಜೆ ಆರೂವರೆಗೆ ದೀಪ ಹಚ್ಚುತ್ತೇನೆ. ಬಂದಾಗಿನಿಂದ ಆ ಹೊತ್ತಿಗೆ ಅಲ್ಲಿ ಬೆಳಿಗ್ಗೆ ಆರು, ಮಗು ಎದ್ದಿರುತ್ತಿತ್ತು. ಮಗಳು ವಿಡಿಯೋ ಕಾಲ್ ಮಾಡುತ್ತಾಳೆ. ಫೋನನ್ನು ದೇವರಮನೆಯ ಬಾಗಿಲಿಗೆ ಒರಗಿಸಿಡುತ್ತೇನೆ. ಕಡ್ಡಿ ಗೀರಿದ ಸದ್ದಿಗೆ ಅವನು ಆ ಕಡೆ ಎರಡೂ ಕೈ ಬಡಿಯುತ್ತಾನೆ. ಮೊನ್ನೆ 3ನೇ ತಾರೀಕು ಅಲ್ಲಿ ಗಡಿಯಾರ ಮತ್ತೆ ಹಿಂದಕ್ಕೆ ಹಾಕಿದರು. ನಮ್ಮ ಆರೂವರೆ ಅಲ್ಲಿ ಐದು ಗಂಟೆ ಆಗಿಹೋಯಿತು. ಅಷ್ಟು ಹೊತ್ತಿಗೆ ಅವನು ಮಲಗಿರುತ್ತಾನೆ, ಮಗಳಿಗೂ ನಿದ್ದೆ ಬೇಕಲ್ವಾ. ಅದಕ್ಕೆ ಈ ವಾರದಿಂದ ಆರೂವರೆಗೆ ಒಂದು ದೀಪ ಹಚ್ಚುತ್ತೇನೆ. ಇನ್ನೊಂದಕ್ಕೆ ಎಣ್ಣೆ ಬತ್ತಿ ಹಾಕಿ ಇಟ್ಟುಕೊಂಡು, ಫೋನ್ ಬರಲಿ ಅಂತ ಏಳೂವರೆವರೆಗೆ ಕೂತಿರುತ್ತೇನೆ.